ಇಪ್ಪತ್ತೆರಡೂವರೆ ನಿಮಿಷದ ಕನ್ನಡ

ಹಳೆಯ ಕಾಲದ ಒಂದು ದಿನದ ದೂರದರ್ಶನ ಕಾರ್ಯಕ್ರಮಗಳ ಪಟ್ಟಿಯನ್ನು ಯಾರಾದರೂ ತಮ್ಮ ಕೈಗೆ ಕೊಟ್ಟರೆ ತಾವು ಮೊದಲು ಏನನ್ನು ಹುಡುಕುತ್ತೀರಿ? ಯಾವ ನಾಟಕವಿತ್ತು, ಯಾವ ಆಟವಿತ್ತು, ಯಾರ ಹಾಡಿತ್ತು ಎಂದು ಹುಡುಕುವವರೇ ಹೆಚ್ಚು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ದಿನವಹಿ ಬರೆದು ನಿವೃತ್ತನಾದ ನನಗೆ ಬೇರೊಂದು ಚಟ. ಒಟ್ಟು ಎಷ್ಟು ನಿಮಿಷ, ಅದರಲ್ಲಿ ಯಾರ ಖಾತೆಗೆ ಎಷ್ಟು ಜಮೆ ಎಂದು ನೋಡುತ್ತೇನೆ. ಪೆರಿಯಾರ್ ನೀರನ್ನು ಸರದಿಯ ಮೇಲೆ ಹೊಲಕ್ಕೆ ಹಾಯಿಸಿಕೊಂಡು ಬೆಳೆದ ನಮ್ಮ ಕಂಬಂ ಕಣಿವೆಯವರಿಗೆ ಇದು ಹೊಸ ಲೆಕ್ಕವೇನೂ ಅಲ್ಲ. ಅಣೆಕಟ್ಟಿನಲ್ಲಿ ಎಷ್ಟು ನೀರಿದೆ ಎಂಬುದು ಒಂದು ಮಾತು, ನಮ್ಮ ತೂಬು ತೆರೆಯುವ ಹೊತ್ತು ಯಾವುದು ಎಂಬುದು ಇನ್ನೊಂದು ಮಾತು.

1960ರ ದಶಕದ ಬ್ರಿಟನ್ನಿನ ದೂರದರ್ಶನವನ್ನೇ ತೆಗೆದುಕೊಳ್ಳಿ. ಇಂದಿನ ಹಾಗೆ ಹಗಲಿರುಳು ಮಾತಾಡುವ ಪೆಟ್ಟಿಗೆ ಅದಾಗಿರಲಿಲ್ಲ. ಬಿ.ಬಿ.ಸಿ. ಒಂದು, ಜಾಹೀರಾತಿನ ಹಣದಿಂದ ನಡೆಯುವ ಐ.ಟಿ.ವಿ. ಇನ್ನೊಂದು. 1964ರ ಏಪ್ರಿಲ್ 20ರಂದು ಬಿ.ಬಿ.ಸಿ.ಯ ಎರಡನೆಯ ವಾಹಿನಿ ಆರಂಭವಾಗಬೇಕಿತ್ತು. ಅದೇ ರಾತ್ರಿ ಲಂಡನ್ನಿನಲ್ಲಿ ವಿದ್ಯುತ್ ಕೈಕೊಟ್ಟು ಉದ್ಘಾಟನೆಯ ಕಾರ್ಯಕ್ರಮಗಳು ಮರುದಿನಕ್ಕೆ ಹೋದವು. ಕರೆಂಟು ಹೋಗುವುದು ನಮ್ಮೂರಿಗೆ ಮಾತ್ರ ಮೀಸಲಲ್ಲ ಎಂದು ತಿಳಿದು ನನಗೆ ಸ್ವಲ್ಪ ಸಮಾಧಾನವಾಯಿತು. ಬೆಳಿಗ್ಗೆ ಶಾಲೆಗಳಿಗೆ ಪಾಠ, ನಡುವೆ ಬರೀ ಗೆರೆ ಮತ್ತು ಬಳೆಯಾಕಾರದ ಪರೀಕ್ಷಾ ಚಿತ್ರ, ಮಧ್ಯಾಹ್ನ ಎಳೆಯ ಮಕ್ಕಳಿಗೆ ಕೆಲವು ನಿಮಿಷ, ಐದರ ಸುಮಾರಿಗೆ ಶಾಲೆಯಿಂದ ಬಂದ ಮಕ್ಕಳಿಗೆ ಒಂದಿಷ್ಟು, ಅನಂತರ ವಾರ್ತೆ, ನಾಟಕ, ಆಟೋಟ. ನಡುರಾತ್ರಿಯ ಹೊತ್ತಿಗೆ ರಾಷ್ಟ್ರಗೀತೆ ನುಡಿಸಿ ಬಾಗಿಲು ಹಾಕುತ್ತಿದ್ದರು. ವಾರಕ್ಕೆ ಒಟ್ಟು ಎಷ್ಟು ಗಂಟೆ ಪ್ರಸಾರ ಮಾಡಬಹುದು ಎಂಬುದನ್ನು ಸರಕಾರದ ಅಂಚೆ ಖಾತೆಯ ಮಂತ್ರಿ ನಿಗದಿ ಮಾಡುತ್ತಿದ್ದರು. ಆ ಕಟ್ಟು 1972ರಲ್ಲಿ ತೆಗೆಯುವವರೆಗೂ ಇತ್ತು.

ಈ ಕಟ್ಟಿನಿಂದ ಕೆಲವಕ್ಕೆ ವಿನಾಯಿತಿ ಇತ್ತು ಎಂಬುದನ್ನು ಗಮನಿಸಿ. ಶಾಲೆಯ ಪಾಠ ಲೆಕ್ಕಕ್ಕೆ ಸೇರುತ್ತಿರಲಿಲ್ಲ, ಧಾರ್ಮಿಕ ಕಾರ್ಯಕ್ರಮ ಸೇರುತ್ತಿರಲಿಲ್ಲ, ವೆಲ್ಷ್ ಭಾಷೆಯ ಕಾರ್ಯಕ್ರಮವೂ ಸೇರುತ್ತಿರಲಿಲ್ಲ. ವೇಲ್ಸ್ ಎಂಬುದು ಇಂಗ್ಲೆಂಡಿನ ಪಶ್ಚಿಮಕ್ಕೆ ಅಂಟಿಕೊಂಡ ಬೆಟ್ಟಗುಡ್ಡದ ನಾಡು. ಅಲ್ಲಿಯ ಭಾಷೆ ಇಂಗ್ಲಿಷಿಗೆ ಯಾವ ರೀತಿಯಲ್ಲೂ ಹತ್ತಿರದ್ದಲ್ಲ, ಅದನ್ನಾಡುವವರು ತಮ್ಮ ನಾಡಿನಲ್ಲೇ ಅಲ್ಪಸಂಖ್ಯಾತರು. ವಿನಾಯಿತಿ ಕೇಳಲು ಚೆನ್ನಾಗಿದೆ. ಆದರೆ ಲೆಕ್ಕಕ್ಕೆ ಸೇರದ್ದನ್ನು ಎಲ್ಲಿ ಬೇಕಾದರೂ ಇಡಬಹುದಲ್ಲ! ವೆಲ್ಷ್ ಕಾರ್ಯಕ್ರಮಗಳು ಎಷ್ಟೋ ಸಲ ಜನ ದುಡಿಯುವ ಮಧ್ಯಾಹ್ನಕ್ಕೋ, ಜನ ಮಲಗುವ ತಡರಾತ್ರಿಗೋ ಹೋಗಿ ಬಿದ್ದವು. ಒಳ್ಳೆಯ ಹೊತ್ತಿನಲ್ಲಿ ಬಂದಾಗ ವೆಲ್ಷ್ ಬಾರದ ನೆರೆಹೊರೆಯವರು ಗೊಣಗಿ ತಮ್ಮ ಆಂಟೆನಾವನ್ನು ಇಂಗ್ಲೆಂಡಿನ ಕಡೆಗೆ ತಿರುಗಿಸಿಕೊಂಡರು. ಆ ಭಾಷೆಗೆ ತನ್ನದೇ ಆದ ವಾಹಿನಿ ಸಿಕ್ಕಿದ್ದು 1982ರ ನವೆಂಬರ್ 1ರಂದು. ಅದಕ್ಕಾಗಿ ನಡೆದ ಹೋರಾಟದ ಕಿಡಿ ಹತ್ತಿದ್ದು ಒಂದು ರೇಡಿಯೊ ಭಾಷಣದಿಂದ. 1962ರ ಫೆಬ್ರವರಿ 13ರಂದು ಸಾಂಡರ್ಸ್ ಲೂಯಿಸ್ ಎಂಬ ನಾಟಕಕಾರರು ಬಿ.ಬಿ.ಸಿ.ಯಲ್ಲಿ ತಮ್ಮ ಭಾಷೆಯ ಗತಿಯ ಬಗ್ಗೆ ಆಡಿದ ಮಾತು ಅದು. ರೇಡಿಯೊ ಭಾಷಣವನ್ನು ಯಾರು ಕೇಳುತ್ತಾರೆ ಎಂದು ಹಗುರವಾಗಿ ಮಾತಾಡುವವರಿಗೆ ನಾನು ಈ ತಾರೀಖನ್ನು ಹೇಳುತ್ತಿರುತ್ತೇನೆ.

ಅದೇ ದೇಶದಲ್ಲಿ 1965ರ ಅಕ್ಟೋಬರದ ಒಂದು ಭಾನುವಾರ ಬೆಳಿಗ್ಗೆ ಬಿ.ಬಿ.ಸಿ. ದೂರದರ್ಶನದಲ್ಲಿ ನಮ್ಮ ಕಡೆಯ ಮಾತು ಕೇಳಿಬಂತು. ಭಾರತ ಮತ್ತು ಪಾಕಿಸ್ತಾನದಿಂದ ಕಾರ್ಖಾನೆಗಳಿಗೆ ದುಡಿಯಲು ಹೋದವರಿಗಾಗಿ ‘ಅಪ್ನಾ ಹೀ ಘರ್ ಸಮಝಿಯೇ’ ಎಂಬ ಕಾರ್ಯಕ್ರಮ ಶುರುವಾಯಿತು. ಇದು ನಿಮ್ಮ ಮನೆಯೇ ಎಂದುಕೊಳ್ಳಿ ಎಂದು ಅದರ ಅರ್ಥ. ಭಾಷೆ ಹಿಂದಿ, ಉರ್ದು ಎರಡೂ ಬೆರೆತ ಬಳಕೆಯ ಮಾತು. ಆ ಮನೆಯೊಳಗೆ ಕನ್ನಡಕ್ಕೆ ಕೋಣೆ ಇರಲಿಲ್ಲ, ತಮಿಳಿಗೂ ಇರಲಿಲ್ಲ. ಅದನ್ನು ತಪ್ಪೆಂದು ನಾನು ಹೇಳುವುದಿಲ್ಲ, ಹೋದವರಲ್ಲಿ ಪಂಜಾಬಿನ ಕಡೆಯವರೇ ಬಹಳ.

ಇನ್ನು ಕನ್ನಡದ ಖಾತೆಗೆ ಬರೋಣ. ಆ ದಶಕದಲ್ಲಿ ನಮ್ಮ ದೇಶದಲ್ಲಿ ದೂರದರ್ಶನವೆಂದರೆ ದೆಹಲಿಯೊಂದೇ. 1959ರ ಸೆಪ್ಟೆಂಬರ್ 15ರಂದು ಅಲ್ಲಿ ಪ್ರಯೋಗವಾಗಿ ಆರಂಭವಾಗಿ, 1965ರಲ್ಲಿ ದಿನವಹಿ ಪ್ರಸಾರವಾಯಿತು. ಬೆಂಗಳೂರಿಗೆ ದೂರದರ್ಶನ ಬಂದದ್ದು 1981ರ ನವೆಂಬರ್ 1ರಂದು. ಹಾಗಾದರೆ ದೂರದರ್ಶನದಲ್ಲಿ ದಿನವೂ ತಪ್ಪದೆ ಕನ್ನಡ ಬರತೊಡಗಿದ್ದು 1981ರಿಂದಲೇ? ಅಲ್ಲ. ಅದಕ್ಕೆ ಆರು ವರ್ಷ ಮೊದಲೇ, ಬೆಂಗಳೂರಿಗೂ ಮೈಸೂರಿಗೂ ಇಲ್ಲದ ಭಾಗ್ಯ ಗುಲ್ಬರ್ಗ, ರಾಯಚೂರು, ಬಿಜಾಪುರ ಜಿಲ್ಲೆಗಳ ಹಳ್ಳಿಗಳಿಗೆ ಬಂದಿತ್ತು. ಅದರ ಮೂಲ 1960ರ ದಶಕದಲ್ಲೇ ಇದೆ. 1969ರ ಸೆಪ್ಟೆಂಬರ್ 18ರಂದು ಭಾರತದ ಅಣುಶಕ್ತಿ ಇಲಾಖೆಗೂ ಅಮೆರಿಕದ ನಾಸಾ ಸಂಸ್ಥೆಗೂ ಒಂದು ಒಪ್ಪಂದವಾಯಿತು. ಅಮೆರಿಕದ ಒಂದು ಉಪಗ್ರಹವನ್ನು ಒಂದು ವರ್ಷ ನಾವು ಬಳಸುವುದು, ಭೂಮಿಯ ಮೇಲಿನ ಉಪಕರಣ, ಕಾರ್ಯಕ್ರಮ, ಖರ್ಚು ಎಲ್ಲ ನಮ್ಮದು. ಇದರ ಹಿಂದೆ ನಿಂತವರು ವಿಕ್ರಂ ಸಾರಾಭಾಯಿ. ಪಟ್ಟಣಗಳಿಗೆ ಮೊದಲು ಕೊಟ್ಟು ಉಳಿದದ್ದನ್ನು ಹಳ್ಳಿಗೆ ಎಂಬ ಕ್ರಮವನ್ನು ತಿರುಗಿಸಿ, ಹಿಂದುಳಿದ ಹಳ್ಳಿಗೇ ನೇರವಾಗಿ ಆಕಾಶದಿಂದ ಇಳಿಸಬಹುದು ಎಂಬುದು ಅವರ ವಾದ. ಫಲ ನೋಡಲು ಅವರು ಉಳಿಯಲಿಲ್ಲ, 1971ರ ಡಿಸೆಂಬರ್ 30ರಂದು ತೀರಿಕೊಂಡರು.

ಎ.ಟಿ.ಎಸ್.-6 ಎಂಬ ಆ ಉಪಗ್ರಹ 1974ರ ಮೇ 30ರಂದು ಹಾರಿತು. ಒಂದು ವರ್ಷ ಅಮೆರಿಕದ ಕೆಲಸ ಮುಗಿಸಿದ ಮೇಲೆ ಅದನ್ನು ಸರಿಸಿ ಆಫ್ರಿಕದ ಕೀನ್ಯದ ನೆತ್ತಿಗೆ ತಂದು ನಿಲ್ಲಿಸಿದರು. ನೆಲದಿಂದ ಸುಮಾರು 36,000 ಕಿಲೋಮೀಟರ್ ಎತ್ತರ, ಕೊಡೆಯಂತೆ ಬಿಚ್ಚಿಕೊಂಡ ಒಂಬತ್ತು ಮೀಟರ್ ಅಗಲದ ಆಂಟೆನಾ. 1975ರ ಆಗಸ್ಟ್ 1ರಂದು ‘ಸೈಟ್’ ಎಂಬ ಆ ಶಿಕ್ಷಣ ಪ್ರಯೋಗ ಆರಂಭವಾಯಿತು. ಆರು ರಾಜ್ಯ, 20 ಜಿಲ್ಲೆ, ಸುಮಾರು 2,400 ಹಳ್ಳಿ. ಪ್ರತಿ ಹಳ್ಳಿಯ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಹೈದರಾಬಾದಿನ ಇ.ಸಿ.ಐ.ಎಲ್. ಕಾರ್ಖಾನೆಯ ಒಂದು ಪೆಟ್ಟಿಗೆ. ಹೊರಗೆ ಕೋಳಿಗೂಡಿನ ತಂತಿಬಲೆಯನ್ನು ಹಿಗ್ಗಿಸಿ ಕಟ್ಟಿದ ಮೂರು ಮೀಟರ್ ಅಗಲದ ತಟ್ಟೆ. ಇದು ಹಾಸ್ಯವಲ್ಲ, ನಿಜವಾಗಿಯೂ ಕೋಳಿಬಲೆಯೇ. ಅದಕ್ಕಿಂತ ಅಗ್ಗವಾದದ್ದು ಸಿಕ್ಕಿರಲಿಲ್ಲ, ಅದರಿಂದಲೇ ಕೆಲಸವೂ ನಡೆಯಿತು.

ಈಗ ಆ ವರ್ಷದ ಒಂದು ದಿನದ ಪಟ್ಟಿಯನ್ನು ಬಿಚ್ಚುತ್ತೇನೆ. ದಿನಕ್ಕೆ ಒಟ್ಟು ನಾಲ್ಕು ಗಂಟೆ. ಬೆಳಿಗ್ಗೆ ಒಂದೂವರೆ ಗಂಟೆ ಶಾಲೆಯ ಮಕ್ಕಳಿಗೆ, ಐದರಿಂದ ಹನ್ನೆರಡು ವಯಸ್ಸಿನವರಿಗೆ. ಒಂದೂವರೆ ಗಂಟೆಯನ್ನು ಹಿಂದಿ, ಒಡಿಯಾ, ತೆಲುಗು, ಕನ್ನಡ ಎಂದು ನಾಲ್ಕು ಪಾಲು ಮಾಡಿದರೆ ತಲೆಗೆ ಇಪ್ಪತ್ತೆರಡೂವರೆ ನಿಮಿಷ. ಅಣ್ಣತಮ್ಮಂದಿರ ಪಾಲುಪಟ್ಟಿಯಲ್ಲೂ ಇಷ್ಟು ಚೊಕ್ಕಟವಾದ ಭಾಗವನ್ನು ನಾನು ಕಂಡಿಲ್ಲ. ಹಿಂದಿಯವರು ಎಷ್ಟು ಕೋಟಿ, ಕನ್ನಡದವರು ಎಷ್ಟು ಕೋಟಿ ಎಂದು ತೂಗದೆ, ಮಗು ಎಂದರೆ ಮಗುವೇ ಎಂದು ಹಂಚಿದ್ದಾರೆ. ವಿಜ್ಞಾನದ ಪಾಠಗಳಲ್ಲಿ ಮನೆಯಲ್ಲಿ ಸಿಗುವ ವಸ್ತುಗಳಿಂದಲೇ ಮಾಡಿ ನೋಡುವುದಕ್ಕೆ ಒತ್ತು. ಅಹಮದಾಬಾದಿನ ಕೇಂದ್ರದ ಮುಖ್ಯಸ್ಥರಾಗಿದ್ದ ಯಶ್ ಪಾಲ್ ಅವರಿಗೆ, ಮಗು ತಾನೇ ಪ್ರಶ್ನೆ ಕೇಳಬೇಕು ಎಂಬ ಹಟ ಕೊನೆಯವರೆಗೂ ಇತ್ತು.

ಸಂಜೆ ಎರಡೂವರೆ ಗಂಟೆ ದೊಡ್ಡವರಿಗೆ. ಬೇಸಾಯ, ಆರೋಗ್ಯ, ಕುಟುಂಬ ಯೋಜನೆ, ನಡುವೆ ಹಾಡು, ಕುಣಿತ, ನಾಟಕ, ಬೊಂಬೆಯಾಟ. ಇಲ್ಲಿಯೂ ಭಾಷೆಗಳಿಗೆ ಬೇರೆ ಬೇರೆ ಪಾಲು ಇತ್ತು, ಕನ್ನಡದ್ದು ಒಂದು ಗಂಟೆಗೂ ಕಡಿಮೆ. ಆದರೆ ಸಂಜೆಯ ಲೆಕ್ಕದಲ್ಲಿ ಎಲ್ಲರಿಗೂ ಸಾಮಾನ್ಯವೆಂದು ಅರ್ಧ ಗಂಟೆ ತೆಗೆದಿಟ್ಟಿದ್ದರು. ಅದು ದೆಹಲಿಯಿಂದ, ಹಿಂದಿಯಲ್ಲಿ, ವಾರ್ತೆ ಸಮೇತ. ಕನ್ನಡ, ತೆಲುಗು, ಒಡಿಯಾ ಹಳ್ಳಿಗಳಿಗೆ ಅದು ಪರಭಾಷೆ. ಬೆಳಗಿನ ಪಾಲಿನಲ್ಲಿ ಕಂಡ ನ್ಯಾಯ ಸಂಜೆ ಸ್ವಲ್ಪ ಸಡಿಲವಾಯಿತು ಎಂದೇ ನನ್ನ ಅಭಿಪ್ರಾಯ. ಕಾಲವೂ ಎಂಥದು ನೋಡಿ: 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಗಿ ಇನ್ನೂ ಎರಡು ತಿಂಗಳು ತುಂಬಿರಲಿಲ್ಲ. ಪತ್ರಿಕೆಗಳ ಬಾಯಿಗೆ ಬೀಗ ಬಿದ್ದಿದ್ದ ದಿನಗಳಲ್ಲಿ ಹಳ್ಳಿಯ ಚಾವಡಿಗೆ ವಾರ್ತೆ ಬಂತು, ಅದು ಸರಕಾರ ಹೇಳಿದ ವಾರ್ತೆ.

ಆ ಕನ್ನಡ ಬಂದ ದಾರಿಯಾದರೂ ಎಂಥದು! ಕಾರ್ಯಕ್ರಮ ತಯಾರಾಗುತ್ತಿದ್ದದ್ದು ಹೈದರಾಬಾದಿನಲ್ಲಿ, ತೆಲುಗಿನ ಪಕ್ಕದಲ್ಲಿ ಕೂತು. ಉಪಗ್ರಹದಲ್ಲಿ ಒಂದು ಚಿತ್ರದ ಜೊತೆ ಎರಡು ಧ್ವನಿ ಕಳಿಸುವ ಸೌಕರ್ಯವಿತ್ತು, ಹಾಗಾಗಿ ಒಂದೇ ಚಿತ್ರ ಎರಡು ಭಾಷೆಗೆ ಆಗಬಹುದಿತ್ತು. ಧ್ವನಿಸುರುಳಿ, ಚಿತ್ರಸುರುಳಿ ಗುಜರಾತಿನ ಅಹಮದಾಬಾದಿಗೆ ಹೋಗಬೇಕು. ಅಲ್ಲಿಂದ ಕೀನ್ಯದ ಆಕಾಶಕ್ಕೆ ಏರಬೇಕು. ಅಲ್ಲಿಂದ ರಾಯಚೂರಿನ ಹಳ್ಳಿಯ ಕೋಳಿಬಲೆಗೆ ಇಳಿಯಬೇಕು.

1980ರ ದಶಕದ ಮಧ್ಯದಲ್ಲಿ ನನಗೆ ಆ ಸೀಮೆಯ ಒಂದು ಶಾಖೆಗೆ ವರ್ಗವಾಗಿತ್ತು. ನಮ್ಮ ಕಣಿವೆಯ ಕನ್ನಡಿಗರೆಲ್ಲ ಶಾಲೆಯಲ್ಲಿ ಓದಿದ್ದು ತಮಿಳು. ಕನ್ನಡ ನಮಗೆ ನಾಲಿಗೆಯ ಮೇಲಿತ್ತೇ ಹೊರತು ಕಣ್ಣಿಗೆ ತಿಳಿಯುತ್ತಿರಲಿಲ್ಲ. ಕನ್ನಡದ ಅಕ್ಷರ ನಾನು ಕಲಿತದ್ದು ಅಲ್ಲಿಯೇ, ಬೆಳೆ ಸಾಲದ ಅರ್ಜಿಗಳನ್ನು ಓದಲೇಬೇಕಾಗಿ ಬಂದು. ಸಾಲಕ್ಕೆ ಬಂದ ಹಿರಿಯರನ್ನು ಹಳೆಯ ತಟ್ಟೆ ಟಿ.ವಿ.ಯ ಬಗ್ಗೆ ಕೇಳುತ್ತಿದ್ದೆ. ಮೊದಮೊದಲು ನೂರಾರು ಜನ, ಜಾತ್ರೆಯ ಹಾಗೆ. ಮಕ್ಕಳು ಮುಂದೆ ನೆಲದ ಮೇಲೆ, ಗಂಡಸರು ಹಿಂದೆ, ಹೆಂಗಸರು ಒಂದು ಬದಿಗೆ. ಬರುಬರುತ್ತ ಗುಂಪು ಇಳಿಯಿತು. ಹಿಂದಿ ವಾರ್ತೆ ಬಂದಾಗ ಎದ್ದು ಹೋಗಿ ಎತ್ತಿಗೆ ಮೇವು ಹಾಕಿ ಬರುತ್ತಿದ್ದರಂತೆ. ಬೇಸಾಯದ ಮಾತು ಬಂದರೆ ಅದು ತಮ್ಮ ಎರೆ ಹೊಲಕ್ಕೆ ನಡೆಯುತ್ತದೋ ಇಲ್ಲವೋ ಎಂದು ಅಲ್ಲೇ ಪಂಚಾಯಿತಿ. ಒಬ್ಬ ಅಜ್ಜನ ದೂರು ಮಾತ್ರ ನನಗೆ ಬಹಳ ಹಿಡಿಸಿತು: ಪೆಟ್ಟಿಗೆಯವನು ಕನ್ನಡ ಆಡುತ್ತಾನೆ ಸರಿ, ಆದರೆ ನಾವು ಕೇಳಿದ್ದಕ್ಕೆ ಉತ್ತರ ಹೇಳುವುದಿಲ್ಲ. ಆ ಪ್ರಯೋಗದ ಮೇಲೆ ಪಂಡಿತರು ಬರೆದ ಎಷ್ಟೋ ಪುಟಗಳ ಸಾರ ಈ ಒಂದು ದೂರಿನಲ್ಲಿದೆ ಎಂದು ನನಗನ್ನಿಸುತ್ತದೆ. ಇನ್ನೊಂದು ಮಾತನ್ನೂ ಹೇಳಬೇಕು. ಓದು ಬಾರದವರು, ಅದರಲ್ಲೂ ಹೆಂಗಸರು, ಆರೋಗ್ಯದ ವಿಷಯದಲ್ಲಿ ಹೆಚ್ಚು ಕಲಿತರು ಎಂದು ಆಗ ನಡೆದ ಸಮೀಕ್ಷೆಗಳು ಕಂಡುಕೊಂಡವು. ಅಕ್ಷರ ಬಲ್ಲವರಿಗೆ ಪುಸ್ತಕವಿದೆ. ಅಕ್ಷರ ಇಲ್ಲದವರಿಗೆ ತಮ್ಮ ಮಾತಿನಲ್ಲಿ ಯಾರಾದರೂ ಹೇಳಿದರೇ ಉಂಟು.

ಇದೆಲ್ಲ ರಾಯಚೂರಿನ ಕತೆ, ಹನುಮಂತನಪಟ್ಟಿಗೆ ಏನು ಸಂಬಂಧ ಎಂದು ತಾವು ಕೇಳಬಹುದು. ಸಂಬಂಧ ಹೀಗಿದೆ. ಉಪಗ್ರಹದ ಕಿರಣಕ್ಕೆ ಜಿಲ್ಲೆಯ ಗಡಿ ತಿಳಿಯದು. ಆರು ರಾಜ್ಯಗಳ ಪಟ್ಟಿ ಇದ್ದದ್ದು ಕಾಗದದ ಮೇಲೆ, ಬೆಳಕು ಬಿದ್ದದ್ದು ಇಡೀ ದೇಶದ ಮೇಲೆ. ನಮ್ಮ ದಕ್ಷಿಣಕ್ಕೆ, ಸಮುದ್ರದಾಚೆಯ ಕೊಲಂಬೊದಲ್ಲಿ ಆರ್ಥರ್ ಕ್ಲಾರ್ಕ್ ಎಂಬ ಪ್ರಸಿದ್ಧ ಲೇಖಕರಿದ್ದರು. ಇಂಥ ಉಪಗ್ರಹಗಳ ಕಲ್ಪನೆಯನ್ನು 1945ರಲ್ಲೇ ಬರೆದವರು ಅವರು. ಆ ಗೌರವಕ್ಕಾಗಿ ನಮ್ಮ ದೇಶದ ಎಂಜಿನಿಯರುಗಳು ಹೋಗಿ ಅವರ ಮನೆಯಲ್ಲಿ ಐದು ಮೀಟರಿನ ಒಂದು ತಟ್ಟೆ ಕಟ್ಟಿಕೊಟ್ಟರು, ಅವರು ಅಲ್ಲಿಂದಲೇ ನಮ್ಮ ಹಳ್ಳಿಗಳ ಕಾರ್ಯಕ್ರಮ ನೋಡಿದರು. ಕೊಲಂಬೊಗೆ ಮುಟ್ಟಿದ್ದು ನಮ್ಮ ಕಣಿವೆಗೆ ಮುಟ್ಟದೆ ಇರುತ್ತದೆಯೇ? ಲೆಕ್ಕ ಹಾಕಿ ನೋಡಿದ್ದೇನೆ: ನಮ್ಮೂರಿನಿಂದ ನೋಡಿದರೆ ಆ ಉಪಗ್ರಹ ಪಶ್ಚಿಮದಲ್ಲಿ, ಏಲಕ್ಕಿ ಬೆಟ್ಟಗಳ ಮೇಲೆ, ದಿಗಂತಕ್ಕೂ ನೆತ್ತಿಗೂ ಹೆಚ್ಚುಕಡಿಮೆ ನಡುವೆ ನಿಂತಿತ್ತು. 1895ರಿಂದ ಪೆರಿಯಾರ್ ನೀರು ಸುರಂಗ ದಾಟಿ ನಮಗೆ ಬರುವುದೂ ಅದೇ ದಿಕ್ಕಿನಿಂದ. ಆದರೆ ನೀರಿಗೆ ಕಾಲುವೆ ಇತ್ತು, ಇದಕ್ಕೆ ತಟ್ಟೆ ಇರಲಿಲ್ಲ.

ಹೀಗೆ ಒಂದು ವರ್ಷ ಪೂರ್ತಿ, ಉತ್ತಮಪಾಳ್ಯ, ಕೋಂಬೈ, ಬೋಡಿಯ ಕನ್ನಡದ ಮನೆಗಳ ಹೆಂಚಿನ ಮೇಲೆ ಪಾಠದ ದಿನಗಳಲ್ಲಿ ಬೆಳಿಗ್ಗೆ ಇಪ್ಪತ್ತೆರಡೂವರೆ ನಿಮಿಷ ಮಕ್ಕಳ ಕನ್ನಡ ಬಿದ್ದು, ಯಾರಿಗೂ ಕೇಳಿಸದೆ ಹೋಯಿತು. ಆಗ ನನಗೆ ಹದಿನಾರು ವರ್ಷ. ನಮ್ಮ ಲೋಕವೆಂದರೆ ಚಹಾ ಅಂಗಡಿಯ ರೇಡಿಯೊ, ಅದರಲ್ಲಿ ಸಿಲೋನಿನ ತಮಿಳು ಹಾಡು. ರಾತ್ರಿ ಹೊತ್ತು ನಮ್ಮ ತಂದೆ ಮುಳ್ಳನ್ನು ತಿರುಗಿಸಿ ತಿರುಗಿಸಿ ಬೆಂಗಳೂರನ್ನು ಹಿಡಿಯುತ್ತಿದ್ದರು. ಗಾಳಿಯ ಗೊರಗೊರದ ನಡುವೆ ನಾಲ್ಕು ಮಾತು ಸ್ಪಷ್ಟವಾಗಿ ಬಂದರೆ ಅವರಿಗೆ ಅಂದಿನ ನಿದ್ದೆ ಚೆನ್ನಾಗಿ ಬರುತ್ತಿತ್ತು. ಅದೇ 1975ರ ಆಗಸ್ಟ್ 15ರಂದು, ಸೈಟ್ ಆರಂಭವಾದ ಎರಡು ವಾರಕ್ಕೆ, ಮದರಾಸಿನಲ್ಲಿ ದೂರದರ್ಶನ ಕೇಂದ್ರ ತೆರೆಯಿತು. ಅದೂ ನಮಗೆ ಎಟುಕದು, ಮದರಾಸು ಎಲ್ಲಿ, ಮೂರು ಕಡೆ ಬೆಟ್ಟವಿರುವ ನಮ್ಮ ಕಣಿವೆ ಎಲ್ಲಿ. ಅಂದಿನ ಲೆಕ್ಕದಲ್ಲಿ ನಾವು ಮದುರೆ ಜಿಲ್ಲೆಯವರು, ತೇನಿ ಜಿಲ್ಲೆಯಾದದ್ದು 1996ರಲ್ಲಿ. ಮದುರೆಯವರಾಗಿ ನಾವು ತಮಿಳು ಪಟ್ಟಿಯಲ್ಲಿ ಸೇರಿದ್ದೆವು, ತಮಿಳು ಆ ಉಪಗ್ರಹದ ಪಟ್ಟಿಯಲ್ಲೇ ಇರಲಿಲ್ಲ. ರಾಜ್ಯಗಳ ಹೆಸರಿನಲ್ಲಿ ಭಾಷೆಗಳನ್ನು ಹಂಚಿದಾಗ, ಒಂದು ರಾಜ್ಯದಲ್ಲಿ ಕೂತು ಇನ್ನೊಂದರ ಭಾಷೆ ಆಡುವವರು ಯಾವ ಪುಟದಲ್ಲೂ ಬರುವುದಿಲ್ಲ. ಯಾರೂ ನಮ್ಮನ್ನು ಬೇಕೆಂದು ಬಿಡಲಿಲ್ಲ. ನಾವು ಇದ್ದೇವೆ ಎಂಬುದು ಆ ಮೇಜಿನ ಮೇಲಿನ ಕಾಗದದಲ್ಲಿ ಬರೆದಿರಲಿಲ್ಲ, ಅಷ್ಟೆ.

1976ರ ಜುಲೈ 31ರಂದು ಪ್ರಯೋಗ ಮುಗಿಯಿತು. ಉಪಗ್ರಹ ಸಾಲ ತಂದದ್ದು, ಅವಧಿ ತೀರಿದ ಮೇಲೆ ಹಿಂದಕ್ಕೆ ಕೊಡಬೇಕು, ಕೊಟ್ಟೆವು. 1977ರಲ್ಲಿ ಗುಲ್ಬರ್ಗದಲ್ಲಿ ನೆಲದ ಪ್ರಸಾರ ಕೇಂದ್ರವಾಗಿ, ಸುತ್ತಲಿನ ಹಳ್ಳಿಗಳಿಗೆ ಮತ್ತೆ ಚಿತ್ರ ಬಂತು. ಉಳಿದ ಅನೇಕ ಹಳ್ಳಿಗಳಲ್ಲಿ ತಟ್ಟೆ ಉಳಿಯಿತು, ಚಿತ್ರ ಹೋಯಿತು. ನಾನು ಹೋದ ಕಾಲಕ್ಕೆ ಒಂದು ಊರಿನಲ್ಲಿ ಆ ಬಲೆಯ ತುಂಡು ಹಿತ್ತಲ ಬೇಲಿಯಲ್ಲಿ ಸೇರಿ, ಅದರ ಮೇಲೆ ಹೀರೇಬಳ್ಳಿ ಹಬ್ಬಿತ್ತು.

ನಮ್ಮ ಕಣಿವೆಗೆ ಚಿತ್ರ ಬಂದದ್ದು ಎಲ್ಲರಿಗಿಂತ ತಡವಾಗಿ. ಮೊದಲು ಕೆಲವರು ಎತ್ತರದ ಕಂಬ ನೆಟ್ಟು, 1982ರಲ್ಲಿ ಆರಂಭವಾದ ಲಂಕೆಯ ರೂಪವಾಹಿನಿಯನ್ನು ಹಿಡಿದರು. ಅದರಲ್ಲಿ ಸಿಂಹಳ ಹೆಚ್ಚು, ಆದರೂ ಕ್ರಿಕೆಟ್ಟಿಗೆ ಭಾಷೆ ಬೇಕಿಲ್ಲ. ಅನಂತರ ಕೊಡೈಕಾನಲ್ ಬೆಟ್ಟದ ಮೇಲಿನ ದೊಡ್ಡ ಪ್ರಸಾರ ಯಂತ್ರ ಬಂದಾಗ ಎಲ್ಲರ ಆಂಟೆನಾ ಒಂದೇ ದಿಕ್ಕಿಗೆ ತಿರುಗಿತು, ಮನೆಮನೆಗೆ ತಮಿಳು ಬಂತು. ಅದರ ಮೇಲೆ ನನಗೆ ದೂರಿಲ್ಲ. ತಮಿಳು ನಾನು ಓದಿದ ಭಾಷೆ, ಲೆಕ್ಕ ಬರೆದ ಭಾಷೆ. ಆದರೆ ಮಕ್ಕಳು ಅಜ್ಜಿಯ ಕತೆಯ ಹೊತ್ತಿನಲ್ಲಿ ಪೆಟ್ಟಿಗೆಯ ಮುಂದೆ ಕೂತರು, ಕತೆಯ ಜೊತೆ ಕತೆಯ ಮಾತುಗಳೂ ಹೋದವು. ಕಣದ, ಕೊಟ್ಟಿಗೆಯ, ಅಡುಗೆಮನೆಯ ಎಷ್ಟೋ ಮಾತು ನನಗೆ ಬರುತ್ತದೆ, ನನ್ನ ಮಗನಿಗೆ ಬಾರದು.

1994ರ ಜೂನ್ 1ರಂದು ಉದಯ ಟಿ.ವಿ. ಆರಂಭವಾಯಿತು. ಮತ್ತೆ ಆಕಾಶದಿಂದ ಕನ್ನಡ ಬಿತ್ತು, ಈ ಸಲ ಊರಿನಲ್ಲಿ ತಟ್ಟೆಯೂ ಬಂತು, ಕೇಬಲ್ಲಿನವರದು. ಆದರೆ ತಂತಿಯಲ್ಲಿ ಯಾವುದನ್ನು ಬಿಡಬೇಕು ಎಂದು ನಿರ್ಧರಿಸುವವರು ಅವರೇ. ಇಲ್ಲಿ ಕನ್ನಡ ನೋಡುವವರು ಯಾರಿದ್ದಾರೆ ಎಂದು ನಮ್ಮನ್ನೇ ಕೇಳಿದರು. ನಾನು ವರ್ಗವಾಗಿ ಊರ ಕಡೆಗೆ ಬಂದ ಮೇಲೆ, ನಾವು ನಾಲ್ಕೈದು ಜನ ಬೀದಿ ಬೀದಿ ತಿರುಗಿ ಒಂದು ಹಾಳೆಯ ತುಂಬ ಮನೆಗಳ ಹೆಸರು ಬರೆದುಕೊಂಡು ಹೋದೆವು. ಬರೆದದ್ದು ತಮಿಳಿನಲ್ಲಿ, ಇಲ್ಲದಿದ್ದರೆ ಓದುವವರು ಬೇಕಲ್ಲ. ಕೆಲವು ತಿಂಗಳ ಮೇಲೆ ಕೊನೆಯ ಗುಂಡಿಗೆ ಕನ್ನಡ ಬಂತು, ಹಿಟ್ಟು ಜರಡಿ ಹಿಡಿದಂತೆ ಚುಕ್ಕೆ ಚುಕ್ಕೆಯಾಗಿ.

ನಮ್ಮ ತಾಯಿಗೆ ಆಗ ಎಪ್ಪತ್ತು ದಾಟಿತ್ತು. ವಾರ್ತೆಯ ಕನ್ನಡ ಅವರಿಗೆ ಅರ್ಧ ಹತ್ತುತ್ತಿರಲಿಲ್ಲ, ಇದೇನು ಪುಸ್ತಕ ಓದುತ್ತಾರೆ ಎನ್ನುತ್ತಿದ್ದರು. ಅಡುಗೆ ಹೇಳಿಕೊಡುವವರ ಮಾತು ಮಾತ್ರ ಪೂರ್ತಿ ಹತ್ತುತ್ತಿತ್ತು. ಅಳತೆ ತಪ್ಪು ಎಂದು ಪೆಟ್ಟಿಗೆಯ ಜೊತೆ ಜಗಳಕ್ಕೂ ನಿಲ್ಲುತ್ತಿದ್ದರು, ಕನ್ನಡದಲ್ಲೇ. ಸಂಜೆಯಾದರೆ ಸೊಸೆಯಂದಿರಿಗೆ ತಮಿಳು ಧಾರಾವಾಹಿ, ರಾತ್ರಿ ಗಂಡಸರಿಗೆ ವಾರ್ತೆ, ಭಾನುವಾರ ಮಕ್ಕಳಿಗೆ ಸಿನಿಮಾ. ಅವರ ಸರದಿ ಮಧ್ಯಾಹ್ನ, ಉಂಡ ಪಾತ್ರೆ ತೊಳೆದ ಮೇಲಿಂದ ಮೊಮ್ಮಕ್ಕಳು ಶಾಲೆಯಿಂದ ಬರುವವರೆಗೆ.